ಅರೆಹೊಟ್ಟೆ ಸಾಲು

ಅಳ್ತಿದ್ಲಾ? ಯಾರು, ನಮ್ಮ ತಕ್ಕಡಿ ಹುಡುಗೀನಾ? ನಿಮ್ಮ ಮನೆ ಮೆಟ್ಟಿಲ ಮೇಲೇ ಕೂತ್ಕೊಂಡಾ? ಅಯ್ಯೋ ದೇವರೇ... ಬನ್ನಿ, ಬನ್ನಿ, ಮೊದಲು ಒಳಗೆ ಬನ್ನಿ ಅಮ್ಮಾವ್ರೇ. ಚಿಲಕ ಹಾಕಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ನಿಮ್ಮ ಜಾಗ ನಿಮಗೇ ಇದೆಯಲ್ಲ, ಕಿಟಕಿಗೆ ಬೆನ್ನು ಹಾಕಿ. ಹಾಂ. ಎದುರು ಮನೆಯವಳು ಬಟ್ಟೆ ಒಣಗಿಸೋ ನೆಪದಲ್ಲಿ ಒಂದೇ ಲಂಗಾನ ಮೂರು ಸಲ ಕೊಡವಿದ್ದಾಯ್ತು. ಕೊಡವಲಿ. ನಿಮ್ಮ ಬೆನ್ನು ಬಿಟ್ಟು ಇನ್ನೇನು ಕಾಣುತ್ತೆ ಅವಳಿಗೆ?

ತಟ್ಟೆ ಹಾಕ್ತೀನಿ. ಬೇಡ ಅನ್ಬೇಡಿ! ಮೂರು ವರ್ಷದಿಂದ ನೋಡ್ತಾ ಇದೀನಿ, ಬಂದ ಕೂಡ್ಲೇ ‘ಬೇಡ ಬೇಡ’, ಏಳೋ ಹೊತ್ತಿಗೆ ‘ಇನ್ನೊಂದು ಚೂರು ಇದೆಯಾ’. ಯಾಕೆ ನಗ್ತೀರಿ, ಸುಳ್ಳಾ? ಇವತ್ತು ಆಲೂಗಡ್ಡೆ ಬೇಯಿಸಿ ಬೆಣ್ಣೇಲಿ ಹೊರಳಿಸಿದೀನಿ. ಮೊಟ್ಟೆ ಎರಡು. ಕೋಳಿ ಸಾರು ಇನ್ನೂ ಒಲೆ ಮೇಲಿದೆ, ಕುದೀತಾ ಇದೆ. ಬೆಳಿಗ್ಗೆ ಮನೇಲಿ ಏನು ಕೊಟ್ರು ನಿಮಗೆ? ಅರ್ಧ ಸೇಬು! ಅರ್ಧ ಅಂದ್ರೆ, ಇನ್ನರ್ಧ ಯಾರು ತಿಂದ್ರು, ಸಾಹೇಬ್ರಾ? ನಾಳೆಗಾ!? ಅಯ್ಯಯ್ಯೋ... ನಾಳೆಗೆ ಸೇಬು ಕೂಡಿಡೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿಲ್ಲಪ್ಪ.

ತಿನ್ನಿ, ತಿನ್ನಿ. ತಿಂತಾ ಹೇಳಿ. ಏನಂದ್ಲು ಹುಡುಗಿ?

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ. ಹೂಂ. ಸಾಹೇಬ್ರು ಕಾಗದ ಕೊಟ್ಟು ಲ್ಯಾಬಿಂದ ಕಳಿಸ್ತಾರಂತೆ. ಕಳಿಸೋದು ಕಳಿಸ್ಲಿ, ಕಾಗದದಲ್ಲಿ ‘ಇವಳು ಇಲಿ ಪಂಜರದ ಚೀಟಿ ಅದಲು ಬದಲು ಮಾಡಿದ ಮೋಸಗಾತಿ’ ಅಂತಾನೂ ಬರೀತಾರಂತೆ? ಹಂಗೆ ಬರೆದ್ರೆ ಇನ್ಯಾವ ಲ್ಯಾಬಿನವರು ಅವಳನ್ನ ಹೊಸ್ತಿಲು ದಾಟಿಸ್ತಾರೆ? ಮುಗೀತು ಅವಳ ಓದು. ಎಂಟು ವರ್ಷ ಓದಿದಾಳೆ ಆ ಮಗು, ಕಣ್ಣು ಗುಳಿ ಬಿದ್ದಿದೆ...

ನನಗೇನು ಗೊತ್ತು? ನನ್ನನ್ನ ಯಾಕೆ ಕೇಳ್ತೀರಿ? ನಾನು ಕಸ ಗುಡಿಸೋಳು, ಪಂಜರ ತೊಳೆಯೋಳು. ಮೂರನೇ ಕ್ಲಾಸಿಗೆ ಚೀಲ ಬಿಸಾಕಿ ಬಂದೋಳು. ನಾಲ್ಕಕ್ಷರ ಕೂಡಿಸಿ ಓದೋದ್ರೊಳಗೆ ಸಾರು ಸೀದು ಹೋಗುತ್ತೆ. ದೊಡ್ಡವರ ವಿಷಯಕ್ಕೆ ನಾನ್ಯಾಕೆ ಮೂಗು ತೂರಿಸ್ಲಿ?

...ಆದ್ರೂ ಕೇಳಿದ್ರಲ್ಲ, ಹೇಳ್ತೀನಿ. ಕೇಳಿದ ಮೇಲೆ ಹೇಳದೇ ಇದ್ರೆ ನನ್ನ ನಾಲಿಗೆಗೆ ಕಡಿತ ಬರುತ್ತೆ.

ಸಾಹೇಬ್ರು ನಿಮಗೆ ದೊಡ್ಡ ದೊಡ್ಡ ಮಾತಲ್ಲಿ ಹೇಳಿರ್ತಾರೆ. ನನ್ನ ಬಾಯಲ್ಲಿ ಕೇಳಿ, ಬೇಗ ಮುಗಿಯುತ್ತೆ. ನಲವತ್ತು ಬಿಳಿ ಇಲಿ. ಪಂಜರಕ್ಕೊಂದು. ಮೇಲಿನ ಹಲಗೇಲಿ ಇಪ್ಪತ್ತು, ಕೆಳಗಿನ ಹಲಗೇಲಿ ಇಪ್ಪತ್ತು. ಮೇಲಿನ ಸಾಲು ತುಂಬುಹೊಟ್ಟೆ ಸಾಲು, ದಿನಕ್ಕೆ ಎಂಟು ಉಂಡೆ. ಉಂಡೆ ಅಂದ್ರೆ ಇಷ್ಟೇ ಇಷ್ಟು, ನನ್ನ ಕಿರುಬೆರಳಿನ ಉಗುರಷ್ಟು, ಕಲ್ಲಿನಷ್ಟು ಗಟ್ಟಿ. ಕೆಳಗಿನ ಸಾಲು ಅರೆಹೊಟ್ಟೆ ಸಾಲು, ಅವಕ್ಕೆ ನಾಲ್ಕು. ಅರೆಹೊಟ್ಟೇಲಿ ಇದ್ದವು ಜಾಸ್ತಿ ದಿನ ಬದುಕ್ತವೆ, ಹೊಟ್ಟೆ ತುಂಬಿದವು ಬೇಗ ಸಾಯ್ತವೆ, ಇದು ಸಾಹೇಬ್ರ ಲೆಕ್ಕ. ಇಲಿಗೆ ಮಾಡಿದ್ದನ್ನೇ ನಿಮಗೂ ಮಾಡಿದ್ರು, ತಮಗೂ ಮಾಡ್ಕೊಂಡ್ರು. ನೆನಪಿದೆಯಾ, ನಿಮ್ಮನ್ನ ಸಭೇಲಿ ಎಬ್ಬಿಸಿ ನಿಲ್ಲಿಸಿ, ‘ನೋಡಿ ನನ್ನ ಹೆಂಡತಿ, ಅರವತ್ತೊಂದು ವರ್ಷ, ಅರ್ಧ ಊಟ, ಸಂಜೆ ಒಂದು ಗಂಟೆ ನಡಿಗೆ, ಕೆನ್ನೆ ನೋಡಿ ಕೆನ್ನೆ’ ಅಂದ್ರಂತಲ್ಲ! ಜನ ಚಪ್ಪಾಳೆ ಬೇರೆ ತಟ್ಟಿದ್ರಂತೆ. ಆ ಕೆನ್ನೆ ನನ್ನ ಬೆಣ್ಣೇದು ಅಮ್ಮಾವ್ರೇ! ಆ ನಡಿಗೆ ನಿಮ್ಮ ಮನೆ ಗೇಟಿಂದ ಶುರುವಾಗಿ ನನ್ನ ಅಡುಗೆಮನೇಲಿ ಮುಗಿಯುತ್ತೆ! ನಕ್ಕು ನಕ್ಕು ಮೊಟ್ಟೆ ಗಂಟಲಿಗೆ ಸಿಕ್ಕಿಸ್ಕೋಬೇಡಿ, ನೀರು ಕುಡೀರಿ...

ನೀವು ಮೊದಲ ಸಲ ಲ್ಯಾಬಿಗೆ ಬಂದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಹೇಬ್ರ ಕನ್ನಡಕ ಕೊಡೋಕೆ ಅಂತ ಬಂದ್ರಿ. ತೊಳೆಯೋ ಕೋಣೇಲಿ ನಾನು ಡಬ್ಬಿ ಬಿಚ್ಕೊಂಡು ಕೂತಿದ್ದೆ. ಬಾಗಿಲಲ್ಲಿ ನಿಂತ್ರಿ. ಹೋಗ್ಲಿಲ್ಲ. ‘ಏನದು ವಾಸನೆ’ ಅಂದ್ರಿ. ನಾನು ಮುಚ್ಚಳ ನಿಮ್ಮ ಕಡೆ ತಿರುಗಿಸಿದೆ ಅಷ್ಟೇ! ಆಮೇಲೆ ಡಬ್ಬಿ ತೊಳೆಯೋ ಕೆಲಸವೇ ಇರ್ಲಿಲ್ಲ ನನಗೆ, ಅಷ್ಟು ಚೊಕ್ಕ ಮಾಡಿದ್ರಿ.

ಹೂಂ, ಹುಡುಗಿ ವಿಷಯ. ಬರ್ತೀನಿ, ಬರ್ತೀನಿ, ಅವಸರ ಮಾಡ್ಬೇಡಿ.

ಈಗ ಆಗಿದ್ದೇನು? ತಿರುಗಾಮುರುಗಾ! ಅರೆಹೊಟ್ಟೆ ಸಾಲಲ್ಲಿ ಒಂದೂ ಉಳಿದಿಲ್ಲ. ಹೋದ ತಿಂಗಳು ಕೊನೇದೂ ಹೋಯ್ತು. ತುಂಬುಹೊಟ್ಟೆ ಸಾಲಲ್ಲಿ ಹದಿನಾಲ್ಕು ಇನ್ನೂ ಪಂಜರದೊಳಗಿನ ಆಟದ ಗಾಲಿ ತುಳೀತಾ ಇವೆ, ಹೊಸ ಮದುಮಕ್ಕಳ ಥರ. ಸಾಹೇಬ್ರು ಮೊನ್ನೆ ಪಂಜರದ ಮುಂದೆ ನಿಂತಿದ್ರು ನೋಡಿ, ಮುಖ ಹರಳೆಣ್ಣೆ ಕುಡಿದವರ ಹಾಗೆ. ಇಷ್ಟು ವರ್ಷ ಊರಿಗೆಲ್ಲಾ ಅರ್ಧ ಊಟ ಸಾರಿಕೊಂಡು ಬಂದವರು! ಯಾರ ಮೇಲಾದ್ರೂ ಹಾಕ್ಬೇಕಲ್ಲ. ಹತ್ತಿರ ಸಿಕ್ಕಿದ್ದು ಹುಡುಗಿ.

ಇನ್ನೂ ಒಂದು ಹೇಳ್ತೀನಿ. ಆ ಹುಡುಗಿ ಎರಡು ವರ್ಷದ ಹಿಂದೇನೇ ಹೇಳಿದ್ಲು. ವಾರಕ್ಕೊಂದು ಸಲ ಇಲೀನ ತಕ್ಕಡೀಲಿ ಕೂರಿಸಿ ತೂಗ್ತಾಳಲ್ಲ, ‘ಸರ್, ಕೆಳಗಿನವು ದಪ್ಪಗಾಗ್ತಾ ಇವೆ’ ಅಂದ್ಲು. ನಾನು ಅಲ್ಲೇ ನೆಲ ಒರೆಸ್ತಾ ಇದ್ದೆ, ಕಿವಿ ಮಾತ್ರ ಮೇಲಿತ್ತು. ಸಾಹೇಬ್ರು ಏನಂದ್ರು? ‘ತಕ್ಕಡಿ ಕೆಟ್ಟಿದೆ.’ ಹೊಸ ತಕ್ಕಡಿ ಬಂತು. ಅದರಲ್ಲೂ ದಪ್ಪ. ಇನ್ನೊಂದು ತಕ್ಕಡಿ ಬಂತು. ದಪ್ಪ! ಮೂರನೇದು ಬಂದಾಗ ಸಾಹೇಬ್ರು ಗಡ್ಡ ಕೆರ್ಕೊಂಡು, ‘ಕಡಿಮೆ ತಿಂದ್ರೆ ದೇಹ ಜಿಪುಣ ಆಗುತ್ತೆ, ಬಂದಿದ್ದನ್ನ ಬಿಡಲ್ಲ, ಅದಕ್ಕೇ ದಪ್ಪ’ ಅಂತ ಒಂದು ದೊಡ್ಡ ಬರಹ ಬರೆದು ಹೊರದೇಶಕ್ಕೆ ಕಳಿಸಿದ್ರು. ಅವರು ಅಚ್ಚೂ ಹಾಕಿದ್ರಂತೆ! ಈಗ ನೋಡಿ, ಆ ಹುಡುಗೀನೇ ಮೋಸಗಾತಿ.

ಯಾರು ಮಾಡಿದ್ದು ಅಂತೀರಾ... ನಾನು ಯಾರ ಹೆಸರೂ ಹೇಳಲ್ಲಪ್ಪ. ಆದ್ರೆ ಆ ಕಾವಲುಗಾರ ಇದಾನಲ್ಲ, ಮೀಸೆ. ಅವನ ಜೇಬಲ್ಲಿ ಯಾವಾಗ್ಲೂ ಏನೋ ಗಿಲಿಗಿಲಿ ಅನ್ನುತ್ತೆ. ಉಂಡೆ ಕದ್ದು ಮನೇಲಿ ಕೋಳಿಗೆ ಹಾಕ್ತಾನೆ ಅಂತ ನನ್ನ ಅನುಮಾನ. ಅವನ ಕೋಳಿ ನೋಡಿದೀರಾ? ಟರ್ಕಿ ಕೋಳಿ ಅನ್ಬೇಕು, ಹಂಗಿವೆ. ಅವನ ಎರಡನೇ ಸಂಸಾರದ ವಿಷಯ ನಿಮಗೆ ಗೊತ್ತೇ ಇದೆ... ಗೊತ್ತಿಲ್ವಾ!? ಇಷ್ಟು ದಿನ ಹೇಳ್ಲಿಲ್ವಾ ನಾನು? ಬಟ್ಟೆ ಹೊಲಿಯೋ ಅಂಗಡಿ ಮೇಲಿನ ಮಹಡೀಲಿ ಒಬ್ಬಳಿದಾಳೆ, ಗಾಜಿನ ಬಳೆ ಕೈ ತುಂಬಾ... ಏನು? ಬೇಡ್ವಾ? ಆಮೇಲೆ ಹೇಳ್ಲಾ? ಸರಿ.

ಇಲ್ಲಾ ಅಂದ್ರೆ ಆ ಹುಡುಗೀನೇ ಮೈಮರೆತು ಮಾಡಿರ್ಬೇಕು. ಮದುವೆ ಗೊತ್ತಾಗಿದೆಯಲ್ಲ. ಗಂಡು ಫೋನಲ್ಲಿ ಕುಹೂ ಅಂದ್ರೆ ಇವಳು ಇಲ್ಲಿ ಕೆಂಪಾಗ್ತಾಳೆ. ಅಂಥ ಹೊತ್ತಲ್ಲಿ ಮೇಲಿನ ಹಲಗೆ ಯಾವುದು ಕೆಳಗಿನದು ಯಾವುದು... ಅಲ್ವಾ? ನಮಗೂ ಆಗಿತ್ತಲ್ಲ ಆ ವಯಸ್ಸು. ನಮ್ಮ ಯಜಮಾನ್ರನ್ನ ನೋಡಿದ ದಿನ ನಾನು ಹಾಲಿಗೆ ಉಪ್ಪು ಹಾಕಿದ್ದೆ. ಅವರು ಅದನ್ನೂ ಕುಡಿದ್ರು. ಎಂಬತ್ತಾರು ವರ್ಷ ಬದುಕಿದ್ರು ಅಮ್ಮಾವ್ರೇ, ಒಂದೇ ಒಂದು ದಿನ ಅರ್ಧ ಊಟ ಅಂತ ಎದ್ದವರಲ್ಲ. ಹೋಗೋ ದಿನಾನೂ ‘ಮೀನು ಇನ್ನೊಂದು ತುಂಡು’ ಅಂದ್ರು. ತರೋಕೆ ಒಳಗೆ ಹೋದೆ... ಬರೋದ್ರೊಳಗೆ ಮುಗಿದಿತ್ತು. ಆ ತುಂಡು ಕೈಯಲ್ಲೇ ಇತ್ತು ನನಗೆ. ಬಿಡಿ.

ಏನಂದ್ರಿ? ಹುಡುಗಿ ಚೀಟಿ ಮುಟ್ಟಿಲ್ಲ ಅಂತ ಆಣೆ ಮಾಡಿದ್ಲಾ? ಮುಟ್ಟಿಲ್ಲ, ಮುಟ್ಟಿಲ್ಲ. ನನಗ್ಗೊತ್ತಿಲ್ವಾ. ಅವಳು ಎಷ್ಟು ಕಟ್ಟುನಿಟ್ಟು ಅಂದ್ರೆ ಉಂಡೇನ ಚಿಮಟದಲ್ಲಿ ಹಿಡಿದು ಹಾಕ್ತಾಳೆ, ತೂಕ ಹೆಚ್ಚಾದ್ರೆ ಅರ್ಧ ಮುರಿದು ಮತ್ತೆ ತೂಗ್ತಾಳೆ. ಅವಳ ಕಡೆಯಿಂದ ತಪ್ಪಾಗಿಲ್ಲ. ಇಲಿಗಳೇ ಹಂಗೆ! ಮೇಲಿನವು ನೋಡಿ, ನಾಲ್ಕೇ ನಾಲ್ಕು ಉಂಡೆ ತಿಂದ್ಕೊಂಡು ಕೋತಿ ಥರ ಜಿಗೀತಾ ಇವೆ, ಕೆಳಗಿನವು ಪಾಪ ಎಂಟೂ ತಿಂದು ಹೊಟ್ಟೆ ಎಳ್ಕೊಂಡು...

ಯಾಕೆ ಹಂಗೆ ನೋಡ್ತಿದೀರಿ?

ಏನಂದೆ ನಾನು? ಮೇಲಿನವು ಎಂಟು ಅಂದೆ. ಕೆಳಗಿನವು ನಾಲ್ಕು. ತಿರುಗಿಸಿ ಅಂದ್ನಾ? ವಯಸ್ಸಾಯ್ತು ಅಮ್ಮಾವ್ರೇ, ಮೇಲೆ ಕೆಳಗೆ ಎಲ್ಲಾ ಒಂದೇ ಕಾಣುತ್ತೆ ನನಗೆ. ಸಾರು ಹಾಕ್ಲಾ? ಕುದ್ದು ಕುದ್ದು ಗಟ್ಟಿಯಾಗ್ತಿದೆ...

ಹಾಕ್ಲಾ?

ತಿನ್ನೋದು ಯಾಕೆ ನಿಲ್ಸಿದ್ರಿ?

ಆ ಚಮಚ ಕೆಳಗಿಡಿ ಇಲ್ಲಾ ಬಾಯಿಗಿಡಿ, ಗಾಳೀಲಿ ಹಿಡ್ಕೊಂಡು ಕೂತ್ರೆ ನನಗೆ ಕೈಕಾಲು ಆಡಲ್ಲ. ಏನಾದ್ರೂ ಅನ್ನಿ. ಬಯ್ಯಿರಿ ಬೇಕಾದ್ರೆ.

ಒಂದು ದಿನ. ಒಂದೇ ಒಂದು ದಿನ ಅಂತ ಶುರು ಮಾಡಿದ್ದು!

ನೀವು ತೊಳೆಯೋ ಕೋಣೇಲಿ ನನ್ನ ಡಬ್ಬಿ ಚೊಕ್ಕ ಮಾಡಿ ಹೋದ್ರಲ್ಲ, ಅವತ್ತಿನ ಮಾರನೇ ದಿನ. ಹುಡುಗಿ ಉಂಡೆ ಹಾಕಿ ಒಂಬತ್ತೂವರೆಗೆ ಟೀ ಕುಡಿಯೋಕೆ ಹೋಗ್ತಾಳೆ, ನಾನು ಆಗ್ಲೇ ನೆಲ ಒರೆಸೋದು. ಕೆಳಗಿನ ಹಲಗೆ ನನ್ನ ಮುಖದ ಎತ್ತರಕ್ಕೇ ಇದೆ, ಬಗ್ಗಿದ್ರೆ. ಬಗ್ಗಿದೆ. ಇಪ್ಪತ್ತೂ ಬಂದು ಕಂಬಿ ಹಿಡ್ಕೊಂಡು ನಿಂತವು. ಎರಡೂ ಕೈಯಲ್ಲಿ. ನೀವು ಬಾಗಿಲಲ್ಲಿ ನಿಂತಿದ್ರಲ್ಲ, ಥೇಟ್ ಹಂಗೇ, ಮೂಗು ಅಲ್ಲಾಡಿಸ್ತಾ! ಕೋಪ ಮಾಡ್ಕೋಬೇಡಿ, ಇದ್ದಿದ್ದು ಹೇಳ್ತಿದೀನಿ. ಮೇಲಿನ ಸಾಲು ನೋಡಿದ್ರೆ ಒಂದೂ ನನ್ನ ಕಡೆ ತಿರುಗಲ್ಲ, ಬೆನ್ನು ಹಾಕಿ ಮಲಗಿವೆ, ನನ್ನ ನಾದಿನಿ ಮನೆಯವರ ಹಂಗೆ. ಬಟ್ಟಲಲ್ಲಿ ಉಂಡೆ ಬಿದ್ದಿದೆ, ಮೂಸೂ ನೋಡಲ್ಲ. ನನಗೆ ಮೈ ಉರೀತು. ಒಂದೊಂದು ಪಂಜರದಿಂದ ಎರಡೆರಡು ಉಂಡೆ ಎತ್ತಿ ಕೆಳಗಿನವಕ್ಕೆ ಹಾಕಿದೆ. ಆರು, ಆರು. ಸಮ ಸಮ. ಇದರಲ್ಲಿ ತಪ್ಪೇನು ಹೇಳಿ? ನ್ಯಾಯ ಅಲ್ವಾ?

ಹೂಂ. ಆಮೇಲೆ ಸಮಕ್ಕೆ ನಿಲ್ಲಿಸ್ಲಿಲ್ಲ. ಒಪ್ಕೊಂಡೆ. ಕೆಳಗಿನವು ನನ್ನ ಚಪ್ಪಲಿ ಸದ್ದಿಗೇ ಎದ್ದು ನಿಲ್ಲೋಕೆ ಶುರು ಮಾಡಿದ್ವು. ನನ್ನ ಚಪ್ಪಲಿ ಸದ್ದಿಗೆ ಯಾರು ಎದ್ದು ನಿಂತಿದ್ರು ಇಲ್ಲೀವರೆಗೂ? ಏಳು ಐದಾಯ್ತು, ಎಂಟು ನಾಲ್ಕಾಯ್ತು. ಅಷ್ಟೇ. ಸಾಹೇಬ್ರು ಹಾಕಿದ ಲೆಕ್ಕಾನೇ, ತಲೆಕೆಳಗು ಮಾಡಿದೀನಿ ಅಷ್ಟೇ. ರಜಾ ದಿನಾನೂ ಬಿಡ್ಲಿಲ್ಲ. ಜ್ವರದಲ್ಲೂ ಹೋಗಿದೀನಿ. ಲ್ಯಾಬಿನವರೆಲ್ಲ ‘ಅಜ್ಜಿ ಎಷ್ಟು ನಿಯತ್ತು’ ಅಂದ್ರು!

ಒಂದಿತ್ತು ಅದರಲ್ಲಿ. ಕಿವಿಹರುಕ ಅಂತ ಕರೀತಿದ್ದೆ. ನಾನು ಕೈ ಒಳಗಿಟ್ರೆ ಅಂಗೈಯಲ್ಲಿ ಕೂತ್ಕೊಂಡೇ ಉಂಡೆ ತಿನ್ನೋದು, ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ. ತಿಂದಾದ ಮೇಲೆ ಮೀಸೆ ತೊಳ್ಕೊಳ್ಳೋದು. ಅಂಗೈ ತುಂಬಾ ಬೆಚ್ಚಗೆ... ಎರಡು ವರ್ಷ ತುಂಬೋ ಮುಂಚೆ ಅದಕ್ಕೆ ಕಂಕುಳಲ್ಲಿ ಗಡ್ಡೆ ಎದ್ದಿತು. ಉಬ್ಬಸ. ಮೈ ಭಾರ, ಕಾಲು ಎತ್ತೋಕಾಗಲ್ಲ, ಹೊಟ್ಟೆ ಮೇಲೇ ತೆವಳ್ತಿತ್ತು. ನಾನೇನು ಮಾಡಿದೆ ಹೇಳಿ? ಪಾಪ ಸುಸ್ತಾಗಿದೆ ಅಂತ ಒಂದು ಉಂಡೆ ಜಾಸ್ತಿ ಹಾಕಿದೆ.

ಎರಡೇ ದಿನ.

ಆಮೇಲೆ ಒಂದೊಂದಾಗಿ ಹೋದ್ವು ಅಮ್ಮಾವ್ರೇ, ನಾನು ಉಣಿಸಿದವೇ. ನಾನು ಕಿತ್ಕೊಂಡವು ಚೆನ್ನಾಗಿವೆ. ಕಣ್ಣು ಥಳಥಳ, ಕೂದಲು ನುಣುಪು. ಮೊದಮೊದಲು ಕಾಯಿಲೆ ಏನೋ ಬಂದಿದೆ ಅಂದ್ಕೊಂಡೆ. ಹನ್ನೆರಡು ಹೋದ ಮೇಲೆ ನನ್ನಂಥ ದಡ್ಡಿಗೂ ತಲೆಗೆ ಹೋಯ್ತು. ನಿಮ್ಮ ಯಜಮಾನ್ರು ಹೇಳಿದ್ದೇ ಸರಿ! ಅದೇ ನನಗೆ ತಡ್ಕೊಳ್ಳೋಕೆ ಆಗದೇ ಇರೋದು! ಅರೆಹೊಟ್ಟೇಲಿ ಇದ್ದವೇ ಬದುಕಿವೆ, ಹೊಟ್ಟೆ ತುಂಬಿದವೇ ಸತ್ತಿವೆ, ಅಕ್ಷರ ಅಕ್ಷರ ಅವರು ಹೇಳಿದ ಹಾಗೇ! ಇಡೀ ಪ್ರಪಂಚದಲ್ಲಿ ಸಾಹೇಬ್ರ ಲೆಕ್ಕ ಸರಿ ಅಂತ ಗೊತ್ತಿರೋದು ಯಾರಿಗೆ? ನೆಲ ಒರೆಸೋ ನನಗೆ! ಅವರು ಪಾಪ ತಾವು ತಪ್ಪು ಅಂದ್ಕೊಂಡು ಗಡ್ಡ ಕಿತ್ಕೊಳ್ತಾ ಇದಾರೆ... ನಗಬಾರ್ದು ಅಂದ್ಕೊಂಡ್ರೂ ನಗು ಬರುತ್ತೆ ನನಗೆ. ನಿಮಗೆ ಬರಲ್ವಾ?

ಬರಲ್ವಾ.

ತಟ್ಟೆ ಯಾಕೆ ದೂರ ತಳ್ಳಿದ್ರಿ? ಇನ್ನೂ ಅರ್ಧ ಇದೆ.

ಅಯ್ಯೋ, ಇಲ್ಲ ಇಲ್ಲ ಇಲ್ಲ! ಹಂಗೆಲ್ಲಾ ಯೋಚನೆ ಮಾಡ್ಬೇಡಿ! ನೀವೇನು ಇಲಿಯಾ? ಮೆಟ್ಟಿಲು ಹತ್ತುವಾಗ ಏದುಸಿರು ಯಾರಿಗೆ ಬರಲ್ಲ ಈ ವಯಸ್ಸಲ್ಲಿ? ನನಗೆ ಬರಲ್ಲ, ನಿಜ, ಆದ್ರೆ ನಾನು ದಿನವೆಲ್ಲಾ ಬಗ್ಗಿ ಏಳೋಳು. ಕಂಕುಳು ಯಾಕೆ ಮುಟ್ಟಿ ನೋಡ್ಕೊಳ್ತೀರಿ? ಕೈ ತೆಗೀರಿ ಅಲ್ಲಿಂದ! ನಿಮಗೇನೂ ಆಗಿಲ್ಲ.

ಮೇಲಿನ ಸಾಲಿನ ಸುಖ ನಾನು ನೋಡಿದೀನಿ. ಬದುಕಿವೆ, ಹೌದು. ಬೆಳಗಿಂದ ಸಂಜೆವರೆಗೂ ಖಾಲಿ ಬಟ್ಟಲು ನೆಕ್ಕಿಕೊಂಡು ಬದುಕಿವೆ. ಮೊದಲು ನನಗೆ ಬೆನ್ನು ಹಾಕ್ತಿದ್ದವು ಈಗ ಕಂಬಿ ಕಡೀತವೆ, ಹಲ್ಲು ಸವೆದಿದೆ. ಹೆಚ್ಚು ದಿನ ಯಾತಕ್ಕೆ ಬೇಕಿತ್ತು ಅಂತ ಅವನ್ನ ಕೇಳೋಕಾಗಲ್ಲ. ನಿಮ್ಮನ್ನ ಕೇಳಬಹುದು.

ಯಾಕೆ ಹೇಳ್ಲಿಲ್ಲ ಅಂತಾನಾ? ಕೇಳದೇ ಇದ್ರೂ ನಿಮ್ಮ ಹುಬ್ಬು ಕೇಳ್ತಾ ಇದೆ. ಹೆದರಿಕೆ, ಇನ್ನೇನು! ಆ ಗುಡಿಸೋ ಕೆಲಸ ಹೋದ್ರೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ? ಇನ್ನೂ ಒಂದು. ನನ್ನದು ಹೊರಗೆ ಬಂದ್ರೆ ನಿಮ್ಮದೂ ಬರುತ್ತೆ. ನೀವೇ ಹೋಗಿ ಹೇಳ್ತೀರಾ? ಹೇಳಿ! ‘ಎಲ್ಲಿ ಕೇಳಿದೆ’ ಅಂತಾರೆ. ‘ಅಜ್ಜಿ ಮನೇಲಿ’ ಅಂತೀರಿ. ‘ಅಲ್ಲೇನು ಮಾಡ್ತಿದ್ದೆ’ ಅಂತಾರೆ. ಆವಾಗ? ಬೆಣ್ಣೆ, ಮೊಟ್ಟೆ, ಮೂರು ವರ್ಷದ ಕೋಳಿ ಸಾರು... ಸಭೇಲಿ ಚಪ್ಪಾಳೆ ಹೊಡೆಸ್ಕೊಂಡ ಕೆನ್ನೆ ಅಮ್ಮಾವ್ರೇ! ಅದೆಲ್ಲ ಏನಾಗುತ್ತೆ? ಇಬ್ಬರೂ ಒಂದೇ ಪಂಜರದಲ್ಲಿ ಇದೀವಿ. ಸುಮ್ಮನಿದ್ರೆ ಇಬ್ಬರಿಗೂ ಒಳ್ಳೇದು. ಹುಡುಗಿ ಚಿಕ್ಕೋಳು, ಮದುವೆ ಆಗ್ತಾಳೆ, ಮಕ್ಕಳಾಗುತ್ತೆ, ಇದೆಲ್ಲಾ ಮರೀತಾಳೆ...

ಏನು? ಹಂಗೆ ಕಣ್ಣು ಬಿಡ್ಬೇಡಿ. ಬಾಯಿಗೆ ಬಂದಿದ್ದು ಅಂದೆ. ಮರೆಯಲ್ಲ. ನನಗೂ ಗೊತ್ತು ಮರೆಯಲ್ಲ ಅಂತ.

ನಿನ್ನೆ ಅವಳು ಖಾಲಿ ಪಂಜರಗಳನ್ನ ತಾನೇ ತೊಳೀತಾ ಇದ್ಲು. ‘ಬಿಡಮ್ಮ, ನನ್ನ ಕೆಲಸ’ ಅಂದೆ. ‘ಇರ್ಲಿ ಅಜ್ಜೀ, ಕಾರಣ ಇದರಲ್ಲೇ ಎಲ್ಲೋ ಇದೆ, ನನಗೆ ಕಾಣ್ತಿಲ್ಲ’ ಅಂದ್ಲು. ಕಾರಣ ಪಕ್ಕದಲ್ಲೇ ಬಕೀಟು ಹಿಡ್ಕೊಂಡು ನಿಂತಿತ್ತು.

...

ಯಾರಿಗೆ ಫೋನು?

ಅಮ್ಮಾವ್ರೇ, ಯಾರಿಗೆ? ಇಡಿ, ಇಡಿ ಕೆಳಗೆ! ನಾಳೆ ಹೇಳ್ತೀನಿ, ನಾನೇ ಹೋಗಿ ಹೇಳ್ತೀನಿ, ಹತ್ತು ಗಂಟೆ ಒಳಗೆ... ಇಲ್ಲ, ಹೇಳಲ್ಲ. ನನಗೇ ಗೊತ್ತು, ಹೇಳಲ್ಲ, ನಾಳೆ ಕಾಲು ನೋವು ಅಂತ ಮಲಗಿಬಿಡ್ತೀನಿ. ನನ್ನ ಕೈಗೆ ಯಾಕೆ ಕೊಡ್ತೀರಿ ಇದನ್ನ? ನೀವೇ ಮಾತಾಡಿ, ನಿಮ್ಮ ಗಂಡ... ರಿಂಗಾಗ್ತಿದೆ... ತಟ್ಟೆ ಯಾಕೆ ಮತ್ತೆ ಹತ್ತಿರ ಎಳ್ಕೊಂಡ್ರಿ? ಈಗ ತಿನ್ನೋ ಹೊತ್ತಾ ಇದು? ಏನು? ಸಾರಾ? ತಗೊಳ್ಳಿ, ಸೌಟು ಅಲ್ಲೇ ಇದೆ, ನೀವೇ ಬಡಿಸ್ಕೊಳ್ಳಿ, ನನ್ನ ಕೈಲಿ ಫೋನಿದೆ...

ಹಲೋ?

ಸಾಹೇಬ್ರೇ... ನಾನು. ನಾನು ಸಾಹೇಬ್ರೇ, ಇಲಿ ಕೋಣೆ ಅಜ್ಜಿ. ಇಲ್ಲ, ಬೆಂಕಿಗಿಂಕಿ ಏನೂ ಬಿದ್ದಿಲ್ಲ. ಒಂದು ಮಾತು. ಆ ಹುಡುಗೀದು ಏನೂ ತಪ್ಪಿಲ್ಲ. ಉಂಡೆ ಮೇಲಿಂದ ಕೆಳಗೆ ಹಾಕಿದ್ದು ನಾನು. ಹೂಂ. ದಿನಾ. ಮೂರು ವರ್ಷ... ಇದೀರಾ? ಕೇಳಿಸ್ತಾ ಇದೆಯಾ? ನೀವು ಹೇಳಿದ್ದು ಸರಿಯಾಗೇ ಇತ್ತು ಸಾಹೇಬ್ರೇ, ತಪ್ಪಾಗಿದ್ದು ಸಾಲು ಮಾತ್ರ. ಚೀಟಿಗೀಟಿ ಅಂತ ಆ ಮಗು ಮೇಲೆ ಬರೀಬೇಡಿ. ಕಾಗದ ನನಗೆ ಕೊಡಿ, ನನಗೆ ಓದೋಕೆ ಬರಲ್ಲ, ಏನು ಬರೆದ್ರೂ ನಡೆಯುತ್ತೆ.

...ಏನು?

ಈ ಫೋನಾ? ಹೌದು... ಅಮ್ಮಾವ್ರದ್ದೇ. ಇಲ್ಲ, ದಾರೀಲಿ ಸಿಕ್ಕಿದ್ದಲ್ಲ. ನಡಿಗೆಗೆ ಹೋಗಿಲ್ಲ ಸಾಹೇಬ್ರೇ. ಇಲ್ಲೇ, ನನ್ನ ಮನೇಲೇ ಇದಾರೆ. ಹುಷಾರಾಗಿದಾರೆ, ಏನೂ ಆಗಿಲ್ಲ. ಇರಿ, ಕೇಳ್ತೀನಿ... ಅಮ್ಮಾವ್ರೇ, ನಿಮ್ಮ ಜೊತೆ ಮಾತಾಡ್ಬೇಕಂತೆ. ತಗೊಳ್ಳಿ. ಇಲ್ವಾ? ತಲೆ ಅಲ್ಲಾಡಿಸಿದ್ರೆ ಅವರಿಗೆ ಹೆಂಗೆ ಕಾಣುತ್ತೆ? ಏನಂತ ಹೇಳ್ಲಿ? ಇದ್ದಿದ್ದೇ ಹೇಳ್ಲಾ?

ಸಾಹೇಬ್ರೇ... ಈಗ ಆಗಲ್ಲ. ಬಾಯಿ ತುಂಬಿದೆ.